ವೈನ್ ಪೀಪಾಯೀಲಿ ಬೆಳೆದ ಎಳೇ ಸಿಂಗಲ್ ಮಾಲ್ಟ್ ವಿಸ್ಕಿ, ನಾಲಿಗೆ ಸುಟ್ಕೊಂಡೆ. ಕುಡಿಯೋದ್ ಹೆಂಗೆ?

ಹಾಸನದ_ಹೈದ:
ನಮ್ಮ ಭಾವ ಆಫೀಸ್ ಕೆಲಸಕ್ಕೆ ತೈವಾನ್‌ಗೆ ಹೋಗಿದ್ರು, ಬರ್ತಾ ಕವಲಾನ್ ಸೋಲಿಸ್ಟ್ ವಿನ್ಹೋ ಬಾರಿಕ್ ಅಂತ ಒಂದ್ ಬಾಟ್ಲಿ ತಂದ್ಕೊಟ್ರು. ಬಣ್ಣ ನೋಡಿದ್ರೆ ನೇರಳೆ ಹಣ್ಣು ಹಿಂಡಿಟ್ಟಂಗಿದೆ. ಲೇಬಲ್ ಹಿಂದೆ ಮುಂದೆ ತಿರುಗ್ಸಿ ನೋಡ್ದೆ, ಎಷ್ಟ್ ವರ್ಷದ್ದು ಅಂತ ಎಲ್ಲೂ ಇಲ್ಲ, ಆಲ್ಕೋಹಾಲ್ 57 ಪರ್ಸೆಂಟ್ ಚಿಲ್ಲರೆ ಅಂತ ಮಾತ್ರ ಇದೆ. ನೀರು ಸೋಡಾ ಏನೂ ಹಾಕ್ದೆ ನೀಟಾಗ್ ಕುಡೀಬೇಕು ಅಂದ್ರಲ್ಲ ಎಲ್ರೂ ಅಂತ ಒಂದ್ ಗುಟುಕು ಎಳ್ದೆ ನೋಡಿ, ಕಣ್ಣಲ್ಲಿ ನೀರು, ಹೆಂಡ್ತಿ ಓಡ್ಬಂದು ಏನಾಯ್ತು ಅಂದ್ಲು. ಇದು ಎಳೇದಾಗಿರೋದಕ್ಕೆ ಹಿಂಗಾ, ಇಲ್ಲ ನಂಗೆ ಕುಡಿಯೋಕೆ ಬರಲ್ವಾ?

ಮಾಲ್ಟ್_ಮಾಮ:
ಗುರು ಸುಟ್ಟಿದ್ದು ವಯಸ್ಸಿಂದಲ್ಲ, ಸ್ಟ್ರೆಂತ್‌ನಿಂದ. ಅದು ಕ್ಯಾಸ್ಕ್ ಸ್ಟ್ರೆಂತ್, ಪೀಪಾಯಿಂದ ತೆಗ್ದಿದ್ದನ್ನ ನೀರು ಬೆರೆಸ್ದೆ ಹಂಗೇ ತುಂಬಿರ್ತಾರೆ. 30 ಎಂಎಲ್‌ಗೆ ಒಂದೂವರೆ ಟೀ ಸ್ಪೂನ್ ನೀರು ಹಾಕಿದ್ರೆ 46 ಪರ್ಸೆಂಟ್ ಹತ್ರ ಬರುತ್ತೆ, ಆದ್ರೆ ಒಟ್ಟಿಗೆ ಸುರೀಬೇಡಿ, ಕಾಲ್ ಕಾಲ್ ಸ್ಪೂನ್ ಹಾಕಿ ಪ್ರತಿ ಸಲ ಮೂಸಿ. ಗ್ಲಾಸ್ ಬಾಯಿ ಕಿರಿದಾಗಿರ್ಲಿ. ಮೂಗು ಒಳಗ್ ತೂರಿಸ್ಬೇಡಿ, ಬಾಯಿ ಸ್ವಲ್ಪ ತೆಗ್ದಿಟ್ಕೊಂಡು ದೂರದಿಂದ ಮೂಸಿ.

ವಯಸ್ಸಿನ ವಿಷ್ಯ ಹೇಳ್ಬೇಕಂದ್ರೆ, ಕವಲಾನ್ ಡಿಸ್ಟಿಲರಿ ಶುರುವಾಗಿದ್ದೇ 2006ರಲ್ಲಿ, 2015ರಲ್ಲಿ ಇದೇ ವಿನ್ಹೋ ಬಾರಿಕ್‌ಗೆ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಬೆಸ್ಟ್ ಸಿಂಗಲ್ ಮಾಲ್ಟ್ ಅಂತ ಕೊಟ್ರು, ಲೆಕ್ಕ ನೀವೇ ಹಾಕ್ಕೊಳ್ಳಿ. ಸೆಖೆ ಊರಲ್ಲಿ ಪೀಪಾಯಿ ಬೇಗ ಕೆಲಸ ಮಾಡುತ್ತೆ. ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿ ಕಥೆನೂ ಅದೇ, ಬೆಂಗಳೂರಲ್ಲಿ ವರ್ಷಕ್ಕೆ 10-12 ಪರ್ಸೆಂಟ್ ಆವಿಯಾಗ್ ಹೋಗುತ್ತೆ, ಸ್ಕಾಟ್ಲೆಂಡಲ್ಲಿ 2ರ ಆಸುಪಾಸು. ಅಂದ್ರೆ 200 ಲೀಟರ್ ಇಟ್ರೆ 5 ವರ್ಷಕ್ಕೆ ಅಲ್ಲಿ 180 ಉಳಿಯುತ್ತೆ, ಇಲ್ಲಿ 110 ಸಿಕ್ಕಿದ್ರೆ ಪುಣ್ಯ. ಅದನ್ನ ಹದಿನೆಂಟ್ ವರ್ಷ ಇಡಿ ಅಂದ್ರೆ ಖಾಲಿ ಪೀಪಾಯಿ ಬಡೀಬೇಕಷ್ಟೆ.

ಇನ್ನು ಆ ವೈನ್ ಪೀಪಾಯಿನ ಹಂಗೇ ಬಳಸಲ್ಲ. ಒಳಗಡೆ ವೈನ್ ಕುಡ್ದಿರೋ ಪದರ ಕೆರೆದು, ಬೆಂಕೀಲಿ ಹದವಾಗಿ ಸುಟ್ಟು, ಮತ್ತೆ ಕರಿ ಹಿಡಿಸ್ತಾರೆ, ಎಸ್‌ಟಿಆರ್ (ಶೇವ್, ಟೋಸ್ಟ್, ರೀಚಾರ್) ಅಂತಾರೆ ಅದಕ್ಕೆ. ಜಿಮ್ ಸ್ವಾನ್ ಅಂತ ಸ್ಕಾಟ್ಲೆಂಡಿನ ಪಂಡಿತ್ರು ಕವಲಾನ್‌ಗೆ ಇದನ್ನ ಹೇಳ್ಕೊಟ್ಟವ್ರು. ಮರದ ಸಕ್ಕರೆ ಅಂಶ ಬೆಂದು ಬೆಲ್ಲದ ಪಾಕದಂಥ ವಾಸನೆ ಬರೋದು ಅಲ್ಲಿಂದ್ಲೇ.

ಒಗರು_ನಾಲಿಗೆ:
ಮಾಮ ಹೇಳಿದ್ದು ಸರಿ, ಆದ್ರೆ ನಂದೊಂದು ತಕರಾರಿದೆ. ಎಳೇ ಸ್ಪಿರಿಟ್‌ನ ಹುಳುಕು ಮುಚ್ಚೋಕೂ ವೈನ್ ಪೀಪಾಯಿ ಚೆನ್ನಾಗ್ ಆಗುತ್ತೆ, ಹುಳಿ ಜಾಸ್ತಿಯಾದ ಸಾರಿಗೆ ಬೆಲ್ಲ ಹಾಕ್ದಂಗೆ. ಮೊದ್ಲ ಗುಟುಕು ಒಣದ್ರಾಕ್ಷಿ, ನೇರಳೆ ಹಣ್ಣು, ಆಹಾ ಅನ್ಸುತ್ತೆ, ನುಂಗಿದ್ ಮೇಲೆ ನೋಡಿ, ಹಸೀ ಹಿಟ್ಟಿನ ವಾಸನೆ, ಕಾಯಿ ಪೇರಲೆ ಥರ ಏನೋ ಹಿಂದಿಂದ ಎದ್ದು ಬಂತಾ, ಅದು ಎಳೇದು. ಬೆಂಕಿಕಡ್ಡಿ ಗೀರಿದ ವಾಸನೆ ಬಂದ್ರೆ ಗಂಧಕ, ಖಾಲಿ ವೈನ್ ಪೀಪಾಯಿ ಕೆಡಬಾರ್ದು ಅಂತ ಒಳಗೆ ಗಂಧಕ ಉರಿಸಿರ್ತಾರಲ್ಲ ಅದು ಉಳ್ಕೊಂಡಿರೋದು. ಇನ್ನೊಂದು, ಪೂರ್ತಿ ವೈನ್ ಪೀಪಾಯೀಲೇ ಬೆಳೆದಿದ್ದು ಬೇರೆ, ಕೊನೇಲಿ ಕೆಲ ಕಾಲ ಕೂರ್ಸಿ ತೆಗೆದ ಫಿನಿಶ್ ಬೇರೆ. ರಾಂಪುರ್ ಆಸವ ಅಂತ ನಮ್ಮ ದೇಶದ ವಿಸ್ಕಿ ಇದ್ಯಲ್ಲ, ಅದು ಎರಡ್ನೇ ಥರದ್ದು, ಮೊದ್ಲು ಬರ್ಬನ್ ಅನ್ನೋ ಅಮೆರಿಕದ ವಿಸ್ಕಿ ಇಟ್ಟಿದ್ದ ಪೀಪಾಯಿ, ಆಮೇಲೆ ನಮ್ಮ ದೇಶದ್ದೇ ಕ್ಯಾಬರ್ನೆ ಸೋವಿನ್ಯೊನ್ ಅನ್ನೋ ಕೆಂಪು ವೈನ್ ಪೀಪಾಯಿ, 45 ಪರ್ಸೆಂಟ್. ನಂಗಂತೂ ಅದೇ ಇಷ್ಟ, ಮೆತ್ತಗಿದೆ.

ಸೋಡಾ_ಸೀನ:
ಆಸವ ಅಂದ್ರೆ ನಮ್ಮಜ್ಜಿ ಎರಡ್ ಚಮಚ ಕುಡಿಸ್ತಿದ್ದ ದ್ರಾಕ್ಷಾಸವನೇ ನೆನಪಾಗುತ್ತೆ 😂 ಅದಕ್ಕೂ ಏಜ್ ಸ್ಟೇಟ್‌ಮೆಂಟ್ ಇರ್ಲಿಲ್ಲ. ಕಾಂಗ್ರೆಸ್ ಕಡ್ಲೆಕಾಯಿ ಜೊತೆ ಸೋಡಾ ಹಾಕ್ಕೊಂಡ್ ಕುಡೀರಿ ಸ್ವಾಮಿ.

ಮಾಲ್ಟ್_ಮಾಮ:
ಸೀನ, ಆ ಖಾರಕ್ಕೆ ಬಾಯಿ ಹಾಳಾಗುತ್ತೆ, ಆಮೇಲೆ ಯಾವ್ದು ಕೊಟ್ರೂ ಒಂದೇ. ಮೊದ್ಲ ಪೆಗ್ ಆದ್ರೂ ಬರೀ ಬಾಯಲ್ಲಿ ಕುಡೀಲಿ ಬಿಡಪ್ಪ.

ಹಾಸನದ_ಹೈದ:
ನಿನ್ನೆ ರಾತ್ರಿ ಮಾಡ್ದೆ. ಕಿರಿದಾದ ಗ್ಲಾಸ್ ಇರ್ಲಿಲ್ಲ, ಒಂದ್ ಸಣ್ಣ ಕಾಫಿ ಲೋಟಕ್ಕೆ ತಟ್ಟೆ ಮುಚ್ಚಿ ಹತ್ ನಿಮಿಷ ಬಿಟ್ಟೆ. ಮೂರ್ನೇ ಕಾಲ್ ಸ್ಪೂನ್ ನೀರಿಗೆ ಉರಿ ಇಳೀತು, ಬೆಲ್ಲ ಬಂತು, ಚಕ್ಕೆ ಬಂತು, ಕೊನೇಲಿ ಬಾಳೆಕಾಯಿ ಕಚ್ಚಿದಂಗೆ ಒಗರು. ಹಸೀ ಹಿಟ್ಟು ಸಿಕ್ಲಿಲ್ಲ ಒಗರು ಸಾರ್, ನನ್ ಮೂಗು ಅಷ್ಟ್ ಚುರುಕಿಲ್ವೇನೋ. ಬೆಳಿಗ್ಗೆ ಎದ್ದು ತೊಳೀದೆ ಬಿಟ್ಟಿದ್ದ ಲೋಟ ಮೂಸಿದ್ರೆ ಇನ್ನೂ ಒಣದ್ರಾಕ್ಷಿ ವಾಸನೆ, ಹೆಂಡ್ತಿ ಅದ್ರಲ್ಲೇ ಕಾಫಿ ಹಾಕೋಕೆ ಹೋಗಿದ್ಲು, ಕಿತ್ಕೊಂಡೆ.