ಕೀಮೋ ನಡೆಯುತ್ತಿರುವಾಗ ಅಮ್ಮನನ್ನು ಮದುವೆಗೆ ಕರೆದೊಯ್ಯಬಹುದೇ?

ಪ್ರಶ್ನೆ – ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 67 ವರ್ಷ. ಒಮ್ಮೆ ಚಿಕಿತ್ಸೆಗೆ ಬಗ್ಗಿದ್ದ ಅಂಡಾಶಯದ ಕ್ಯಾನ್ಸರ್ ಈಗ ಮರುಕಳಿಸಿದ್ದು, ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಗಳನ್ನು ಹಾಕಿಸಿಕೊಂಡು ಬರುತ್ತಿದ್ದೇವೆ. ರೋಗವನ್ನು ಹಿಡಿತದಲ್ಲಿಡಬಹುದೇ ಹೊರತು ಪೂರ್ತಿ ವಾಸಿಯಾಗುವುದು ಕಷ್ಟವೆಂದು ವೈದ್ಯರು ಅಮ್ಮನ ಎದುರಿಗೇ ಹೇಳಿದ್ದಾರೆ.

ಮುಂದಿನ ತಿಂಗಳು ಕುಮಟಾದಲ್ಲಿ ದೊಡ್ಡಮ್ಮನ ಮೊಮ್ಮಗಳ ಮದುವೆ. ನಮ್ಮ ಬಳಗದ ಮದುವೆಗಳಲ್ಲಿ ಹಸೆಗೆ ಕರೆಯುವ ಹಾಡಿನಿಂದ ಆರತಿಯ ಹಾಡಿನವರೆಗೆ ಮೊದಲ ಸೊಲ್ಲು ಎತ್ತುವವರು ಅಮ್ಮನೇ. ಬೆರಳುಗಳು ಜೋಮು ಹಿಡಿದು ಹೂ ಕಟ್ಟಲಾಗದಿದ್ದರೂ, ಹಾಡು ಬರೆದಿಟ್ಟ ಹಳೆಯ ಪಟ್ಟಿಯನ್ನು ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಜನಜಂಗುಳಿಯಲ್ಲಿ ಸೋಂಕು ತಗುಲಿದರೆ ಗತಿಯೇನು ಎಂದು ಅಣ್ಣ ಬೇಡವೆನ್ನುತ್ತಾನೆ. ಅವನ ಭಯವೂ ಸುಳ್ಳಲ್ಲ. ಆದರೆ ಮನೆಯಲ್ಲಿ ರಕ್ತದ ವರದಿ, ಮಾತ್ರೆ, ಪಥ್ಯ ಬಿಟ್ಟರೆ ಬೇರೆ ಮಾತೇ ಇಲ್ಲವಾಗಿದೆ. ಉಪ್ಪಿನಕಾಯಿ ಭರಣಿಯನ್ನೂ ಅಮ್ಮನ ಕೈಗೆಟುಕದಂತೆ ಇಟ್ಟಿದ್ದೇವೆ. ಚಿಕಿತ್ಸೆಗೆ ಧಕ್ಕೆಯಾಗದಂತೆ ಅವರ ಆಸೆ ನಡೆಸಿಕೊಡುವ ದಾರಿ ಇದೆಯೇ?

ಉತ್ತರ 1 – ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡಿದ ಶುಶ್ರೂಷಕಿ

ದಾರಿ ಇದೆ, ಮತ್ತು ಅದು ಕ್ಯಾಲೆಂಡರಿನಿಂದ ಆರಂಭವಾಗುತ್ತದೆ. ಮದುವೆಯ ದಿನಾಂಕವನ್ನು ಈಗಲೇ ವೈದ್ಯರಿಗೆ ತಿಳಿಸಿ. ರೋಗವನ್ನು ಹಿಡಿತದಲ್ಲಿಡುವುದೇ ಉದ್ದೇಶವಾಗಿರುವಾಗ, ಒಂದು ಸರದಿಯನ್ನು ಕೆಲವು ದಿನ ಮುಂದೂಡಲು ಅನೇಕ ವೈದ್ಯರು ಒಪ್ಪುತ್ತಾರೆ. ನಾವು ಕೇಳುವುದಿಲ್ಲವಾದ್ದರಿಂದ ಅವರೂ ಹೇಳುವುದಿಲ್ಲ. ಕೀಮೋ ನಂತರ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಎರಡನೆಯ ವಾರದ ಆಸುಪಾಸಿನಲ್ಲಿ ತೀರ ಇಳಿದು, ಮುಂದಿನ ಸರದಿಯ ಹೊತ್ತಿಗೆ ಚೇತರಿಸಿಕೊಳ್ಳುತ್ತವೆ. ಕಾರ್ಬೋಪ್ಲಾಟಿನ್ ಪಡೆಯುವ ಕೆಲವರಲ್ಲಿ ಈ ಇಳಿತ ತಡವಾಗಿ ಬರುವುದರಿಂದ, ಬರೀ ಲೆಕ್ಕವನ್ನು ನಂಬದೆ ಹೊರಡುವ ಒಂದೆರಡು ದಿನ ಮೊದಲು ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ.

ಚಪ್ಪರದಲ್ಲಿ ಗಾಳಿಯಾಡುವ ಕಡೆ ಕೂರಿಸಿ, ಮಾಸ್ಕ್ ಹಾಕಿಸಿ, ಶೀತ ಕೆಮ್ಮು ಇರುವವರು ಹತ್ತಿರ ಬರದಂತೆ ದೊಡ್ಡಮ್ಮನ ಮೂಲಕವೇ ಹೇಳಿಸಿ. ಬಿಸಿ ಅನ್ನ, ಸಾರು, ಆಗತಾನೇ ಮಾಡಿದ ಪಾಯಸ ಧಾರಾಳವಾಗಿ ಊಟ ಮಾಡಲಿ. ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಕಾಯಿಸದ ನೀರಿನ ಪಾನಕ ಬೇಡ. ಉಪ್ಪಿನಕಾಯಿಯ ಬಗ್ಗೆ ಬರೆದಿದ್ದೀರಿ: ಬಾಯಿಹುಣ್ಣು ಇಲ್ಲದಿದ್ದರೆ, ಉಪ್ಪು ಕಡಿಮೆ ಮಾಡಿರೆಂದು ವೈದ್ಯರು ಹೇಳಿರದಿದ್ದರೆ, ಎಲೆಯ ತುದಿಗೆ ಒಂದು ಮಿಡಿ ಬಡಿಸಿ. ಬಾಯಿರುಚಿ ಕೆಟ್ಟಿರುವಾಗ ಅದೇ ನಾಲ್ಕು ತುತ್ತು ಹೆಚ್ಚು ಉಣ್ಣಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕುಮಟಾದ ಸಮೀಪ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಚಿಕಿತ್ಸೆಯ ಕಡತವನ್ನು ಜೊತೆಯಲ್ಲೇ ಒಯ್ಯಿರಿ.

ಉತ್ತರ 2 – ಬೆಂಗಳೂರಿನಿಂದ

ಬೆರಳಿನ ಜೋಮನ್ನು ವೈದ್ಯರಿಗೆ ಹೇಳಿದ್ದೀರಾ? ಅದು ಪ್ಯಾಕ್ಲಿಟಾಕ್ಸೆಲ್‌ನ ಪರಿಚಿತ ಅಡ್ಡಪರಿಣಾಮ. ಬೇಗ ತಿಳಿಸಿದರೆ ಔಷಧದ ಪ್ರಮಾಣವನ್ನು ತಗ್ಗಿಸುವ ಅವಕಾಶವಿರುತ್ತದೆ, ಬಿಟ್ಟರೆ ಶಾಶ್ವತವಾಗಿ ಉಳಿಯಲೂಬಹುದು. ಹೂ ಕಟ್ಟಲಾಗುತ್ತಿಲ್ಲ ಎಂಬುದನ್ನು ಸಣ್ಣ ದೂರೆಂದು ನುಂಗಿಕೊಳ್ಳಬೇಡಿ.

ಜೊತೆಗೆ ಉಪಶಾಮಕ ಆರೈಕೆ, ಅಂದರೆ ನೋವು, ವಾಕರಿಕೆಯಂಥ ತೊಂದರೆಗಳನ್ನು ತಗ್ಗಿಸಿ ರೋಗಿಗೆ ನೆಮ್ಮದಿ ಕೊಡುವ ಪ್ಯಾಲಿಯೇಟಿವ್ ಕೇರ್ ವಿಭಾಗದ ಸಲಹೆಯನ್ನೂ ಈಗಲೇ ಕೇಳಿ. ಆ ಹೆಸರು ಕೇಳಿದೊಡನೆ "ಕೈಬಿಟ್ಟರು" ಎಂದು ನಮ್ಮ ಜನ ಬೆಚ್ಚುತ್ತಾರೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. 2010ರಲ್ಲಿ ಬಾಸ್ಟನ್ನಿನ ವೈದ್ಯರು, ದೇಹದ ಇತರೆಡೆ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಮೊದಲಿನಿಂದಲೇ ಚಿಕಿತ್ಸೆಯೊಂದಿಗೆ ಉಪಶಾಮಕ ಆರೈಕೆಯನ್ನೂ ಪಡೆದವರ ಬದುಕು ಹೆಚ್ಚು ನೆಮ್ಮದಿಯಾಗಿತ್ತು, ಖಿನ್ನತೆ ಕಡಿಮೆಯಿತ್ತು. ಅವರು ಬದುಕುಳಿದ ಮಧ್ಯಂಕ ಅವಧಿ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 11.6 ತಿಂಗಳಿದ್ದರೆ, ಬರೀ ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಅದು 8.9 ತಿಂಗಳು. ಅದು ಬೇರೆ ಕ್ಯಾನ್ಸರ್ ಎಂಬುದು ನಿಜವಾದರೂ, ನೋವು, ವಾಕರಿಕೆ, ನಿದ್ದೆಗೇಡು ತಗ್ಗಿದವರು ಪ್ರಯಾಣವನ್ನೂ ಚಿಕಿತ್ಸೆಯನ್ನೂ ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂಬುದಕ್ಕೆ ದೊಡ್ಡ ಅಧ್ಯಯನ ಬೇಕಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾರು ನೋಡುತ್ತಾರೆಂದು ವಿಚಾರಿಸಿ.

ಉತ್ತರ 3 – ತೀರ್ಥಹಳ್ಳಿಯಿಂದ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸಬೇಕೆನಿಸಿತು. ರೋಗಿಯ ಸಂತೋಷವನ್ನು ಮನೆಯವರೇ ನಿಶ್ಚಯಿಸಿಬಿಡುವುದುಂಟು. ನನ್ನ ಅಪ್ಪಯ್ಯನಿಗೆ ಕಾಯಿಲೆ ಬಲಿತಾಗ ನಾವೆಲ್ಲ ತಿರುಪತಿ ಯಾತ್ರೆಗೆ ಗಾಡಿ ಗೊತ್ತು ಮಾಡುವ ಮಾತಾಡುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ಅಂಗಳದಲ್ಲಿ ಅಡಿಕೆ ಸುಲಿಯುವವರ ನಡುವೆ ಕುರ್ಚಿ ಹಾಕಿಕೊಂಡು ಕೂರುವುದು. ಮೊರಕ್ಕೆ ಬಿದ್ದ ಅಡಿಕೆಯನ್ನು ಕೈಗೆತ್ತಿಕೊಂಡು, ಇದು ಬಲಿತಿದೆ, ಇದು ಎಳೆಯದು ಎಂದು ಬೇರೆ ಮಾಡುತ್ತಾ ಸಂಜೆಯವರೆಗೂ ಕೂತಿರುತ್ತಿದ್ದರು. ಹಾಗೆ ಕೂತ ದಿನ ನೋವಿನ ಮಾತ್ರೆಯನ್ನು ಅವರೇ ನೆನಪಿಟ್ಟು ಕೇಳಿ ನುಂಗುತ್ತಿದ್ದರು.

ಆದ್ದರಿಂದ ಅಮ್ಮನನ್ನೇ ಕೇಳಿ: ಎರಡು ದಿನದ ಮದುವೆಯಲ್ಲಿ ಯಾವ ಹೊತ್ತು ಅವರಿಗೆ ತೀರ ಮುಖ್ಯ? ಹಸೆಯ ಹಾಡೊಂದೇ ಸಾಕೆನ್ನಬಹುದು. ಆಗ ಹಿಂದಿನ ಸಂಜೆಯೇ ಹೋಗಿ ದೊಡ್ಡಮ್ಮನ ಮನೆಯಲ್ಲಿ ಮಲಗಿ, ಹಾಡು ಮುಗಿದೊಡನೆ ಒಳಕೋಣೆಗೆ ಬಂದುಬಿಡಬಹುದು. ಸೋಂಕಿನ ಅಪಾಯ ಎಷ್ಟೆಂದು ವೈದ್ಯರು ತಿಳಿಸಲಿ. ಆ ಅಪಾಯವನ್ನು ಎಷ್ಟರಮಟ್ಟಿಗೆ ಒಪ್ಪುವುದೆಂದು ಹೇಳಬೇಕಾದವರು ಅಮ್ಮ. ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಅಣ್ಣನವರನ್ನೂ ಕರೆದೊಯ್ಯಿರಿ, ಅವರ ಭಯವನ್ನು ವೈದ್ಯರೆದುರು ಅವರೇ ಹೇಳಲಿ, ಮತ್ತು ಆ ಮಾತುಕತೆಯಲ್ಲಿ ಅಮ್ಮನೂ ಇರಲಿ.