51ರ ಶೆವಿ 3100 ಪಿಕಪ್: ಬ್ಯಾಟರಿ ಸೀಟ್ ಹಿಂದೆ ಇಡೋದಾ, ಬೆಡ್ ಕೆಳಗೆ ಇಡೋದಾ?

ಹಳೇಗಾಡಿ_ಟೆಕ್ಸಾಸ್

ಎಲ್ರಿಗೂ ನಮಸ್ಕಾರ. ಸ್ಯಾನ್ ಆಂಟೋನಿಯೋ ಹತ್ರ ಇರೋದು ನಾನು. ಹೋದ ವರ್ಷ ಒಂದು 1951ರ ಶೆವರ್ಲೆ 3100 ತಗೊಂಡೆ, ಹಾಫ್ ಟನ್, ಒರಿಜಿನಲ್ 216 ಕ್ಯೂಬಿಕ್ ಇಂಚಿನ ಸ್ಟ್ರೈಟ್ ಸಿಕ್ಸ್ (ಸಾಲಾಗಿ ಆರು ಸಿಲಿಂಡರ್) ಇಂಜಿನ್ ಯಾವತ್ತೋ ಹೋಗಿದೆ, ಹಿಂದಿನ ಓನರ್ ಯಾರೋ 350 ಸ್ಮಾಲ್ ಬ್ಲಾಕ್ ವಿ8 ಕೂರಿಸಿ ಎಲ್ಲಾ 12 ವೋಲ್ಟ್ ಮಾಡಿದಾರೆ. ಬ್ಯಾಟರಿ ಮಾತ್ರ ಕಂಪನಿ ಇಟ್ಟಿದ್ದ ಜಾಗದಲ್ಲೇ ಇದೆ, ಅಂದ್ರೆ ಪ್ಯಾಸೆಂಜರ್ ಕಾಲಿಡೋ ಫ್ಲೋರ್ ಕೆಳಗೆ. ನೋಡಿಲ್ದೇ ಇರೋರಿಗೆ ಹೇಳ್ತೀನಿ, ಮ್ಯಾಟ್ ಎತ್ತಿ ಒಂದು ತಗಡಿನ ಮುಚ್ಚಳ ತೆಗೆದ್ರೆ ಕೆಳಗೆ ಬ್ಯಾಟರಿ ತಲೆ ಕಾಣತ್ತೆ, ಅಷ್ಟೇ. ನೀರು ಚೆಕ್ ಮಾಡೋಕೂ ಬಗ್ಗಬೇಕು, ಟರ್ಮಿನಲ್ ಟೈಟ್ ಮಾಡೋಕೂ ಬಗ್ಗಬೇಕು.

ಈಗ ಪ್ರಾಬ್ಲಮ್ ಏನಪ್ಪಾ ಅಂದ್ರೆ ವಿ8 ಹಾಕಿದ್ಮೇಲೆ ಬಲಗಡೆ ಎಕ್ಸಾಸ್ಟ್ ಪೈಪು ಬ್ಯಾಟರಿ ಪಕ್ಕದಲ್ಲೇ ಹಾದು ಹೋಗತ್ತೆ, ಮಧ್ಯೆ ಎರಡು ಬೆರಳು ತೂರಿಸ್ಬಹುದು ಅಷ್ಟೇ. ಬ್ಯಾಟರಿಯ ಆ ಕಡೆ ಪ್ಲಾಸ್ಟಿಕ್ ಮೆತ್ತಗಾಗಿ ಹೊಟ್ಟೆ ಬಂದಿದೆ. ಟ್ರೇ ಆಸಿಡ್ ತಿಂದು ಜರಡಿ ಆಗಿದೆ, ಸ್ಕ್ರೂಡ್ರೈವರ್ ಒತ್ತಿದ್ರೆ ಆಚೆ ಬರತ್ತೆ. ಇಲ್ಲಿ ಬೇಸಿಗೇಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟೋದು ಮಾಮೂಲು. ಪರಿಚಯದವರೊಬ್ರು ಸೀಟ್ ಹಿಂದೆ ಇಟ್ಬಿಡು ಒಳ್ಳೇದು, ಒಣಗಿದ ಜಾಗ ಅಂತಾರೆ. ಇನ್ನೊಬ್ರು ಬೆಡ್ (ಹಿಂದೆ ಸಾಮಾನು ಹಾಕೋ ಭಾಗ) ಕೆಳಗೆ ಫ್ರೇಮಿಗೆ ಬಾಕ್ಸ್ ಹಾಕು ಅಂತಾರೆ. ಯಾವುದು ಸರಿ? ಕೇಬಲ್ ಎಷ್ಟು ದಪ್ಪ ಬೇಕು, ಫ್ಯೂಸ್ ಬೇಕಾ, ಅರ್ತ್ ಅಲ್ಲೇ ಹತ್ರ ಫ್ರೇಮಿಗೆ ಕೊಟ್ರೆ ಸಾಕಾ?

ವೈರಿಂಗ್_ಮಾವ

ಸೀಟ್ ಹಿಂದೆ ಅನ್ನೋ ಮುಂಚೆ ಒಂದು ಪ್ರಶ್ನೆ. ನಿಮ್ಮ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ? 1949ರಿಂದ ಈ ಟ್ರಕ್‌ಗಳಲ್ಲಿ ಟ್ಯಾಂಕ್‌ನ ಕ್ಯಾಬ್ ಒಳಗೆ, ಸೀಟ್ ಬೆನ್ನಿಗೇ ನಿಲ್ಸಿದಾರೆ. ಅದು ಇನ್ನೂ ಅಲ್ಲೇ ಇದ್ರೆ ಆ ಐಡಿಯಾ ಬಿಟ್ಬಿಡಿ, ಇದರಲ್ಲಿ ಚರ್ಚೆನೇ ಬೇಡ. ಬ್ಯಾಟರಿ ಚಾರ್ಜ್ ಆಗ್ವಾಗ ಹೈಡ್ರೋಜನ್ ಬಿಡತ್ತೆ, ಹಳೇ ಟ್ಯಾಂಕಿನ ಸೆಂಡರ್ (ಪೆಟ್ರೋಲ್ ಮಟ್ಟ ಅಳೆಯೋ ಭಾಗ) ಗ್ಯಾಸ್ಕೆಟ್ ಸುತ್ತ ಪೆಟ್ರೋಲ್ ವಾಸನೆ ಇದ್ದೇ ಇರತ್ತೆ, ಅದರ ಪಕ್ಕ ನೀವು ಸ್ಪ್ಯಾನರ್ ಹಿಡ್ಕೊಂಡು ಟರ್ಮಿನಲ್ ಬಿಚ್ತೀರಾ? ಎಜಿಎಂ (ಆಸಿಡ್ ಗಾಜಿನ ನಾರಲ್ಲಿ ಹೀರಿಸಿ ಸೀಲ್ ಮಾಡಿರೋ) ಬ್ಯಾಟರಿ ಆದ್ರೆ ಗ್ಯಾಸ್ ಬರಲ್ಲ ಅಂತ ಯಾರಾದ್ರೂ ಹೇಳ್ತಾರೆ ನೋಡಿ ಈಗ. ಮಾಮೂಲಿ ಟೈಮಲ್ಲಿ ಬರಲ್ಲ ನಿಜ, ಆದ್ರೆ ರೆಗ್ಯುಲೇಟರ್ ಕೈಕೊಟ್ಟು ಓವರ್‌ಚಾರ್ಜ್ ಆದಾಗ ಅದರಲ್ಲೂ ವಾಲ್ವ್ ತೆಗೆದು ಆಚೆ ಬಿಡತ್ತೆ.

ಹಳೇಗಾಡಿ_ಟೆಕ್ಸಾಸ್

ಟ್ಯಾಂಕ್ ಅಲ್ಲೇ ಇದೆ ಸಾರ್. ಎಡಗಡೆ ಮೂಲೇಲಿ ಸ್ವಲ್ಪ ಗ್ಯಾಪ್ ಇತ್ತು, ಚಿಕ್ಕ ಬ್ಯಾಟರಿ ಹಿಡಿಯತ್ತೇನೋ ಅಂತ ಅಳತೆ ತಗೊಂಡಿದ್ದೆ. ಸರಿ, ಅದು ಕ್ಯಾನ್ಸಲ್.

ಸ್ಟಾಕ್_ಪಕ್ಷ

ನನಗನ್ಸೋದು ಬ್ಯಾಟರಿ ಎಲ್ಲೂ ಹೋಗ್ಬೇಕಾಗಿಲ್ಲ. ಎಲ್ರೂ ಯಾಕೆ ಬ್ಯಾಟರಿ ಹಿಂದೆ ಸಾಗ್ಸೋಕೆ ಹೊರಡ್ತಾರೋ ಗೊತ್ತಿಲ್ಲ, ರೇಸ್ ಗಾಡಿ ಫೋಟೋ ನೋಡಿ ಬಂದ ಚಟ ಇದು. ಶೆವರ್ಲೆ ಇಂಜಿನಿಯರ್‌ಗಳು ಸುಮ್ನೆ ಅಲ್ಲಿಟ್ಟಿದ್ದಲ್ಲ, ಸ್ಟಾರ್ಟರ್ ಬಲಗಡೆ ಇದೆ, ಬ್ಯಾಟರಿನೂ ಬಲಗಡೆ, ಕೇಬಲ್ ಮೂರಡಿ ಇದ್ರೆ ಜಾಸ್ತಿ. 350ಯಲ್ಲೂ ಸ್ಟಾರ್ಟರ್ ಬಲಗಡೆನೇ. ಹೊಸ ಟ್ರೇ ರೆಪ್ರೊಡಕ್ಷನ್ ಸಿಗತ್ತೆ, ಎಕ್ಸಾಸ್ಟಿಗೆ ಸುತ್ತೋ ಪಟ್ಟಿ ಸಿಗತ್ತೆ, ಮಧ್ಯೆ ಒಂದು ಅಲ್ಯುಮಿನಿಯಂ ಶೀಲ್ಡ್ ಗಾಳಿ ಆಡೋ ಹಾಗೆ ಗ್ಯಾಪ್ ಬಿಟ್ಟು ಹಾಕಿ. ಒಂದು ಶನಿವಾರದ ಕೆಲಸ. 40 ಪೌಂಡ್ ಬ್ಯಾಟರಿ ಹಿಂದೆ ಹೋಯ್ತು ಅಂತ ಖಾಲಿ ಪಿಕಪ್ಪು ಮಳೇಲಿ ಜಾರೋದೇನೂ ನಿಲ್ಲಲ್ಲ.

ಹಳೇಗಾಡಿ_ಟೆಕ್ಸಾಸ್

ಶೀಲ್ಡ್ ಹಾಕೋಕೂ ಜಾಗ ಇಲ್ಲ ಅನ್ನೋದೇ ನನ್ನ ಗೋಳು. ಪೈಪ್ ಬೇರೆ ಕಡೆ ಬಗ್ಗಿಸ್ಬೇಕು ಅಂದ್ರೆ ಟ್ರಾನ್ಸ್‌ಮಿಷನ್ ಕ್ರಾಸ್‌ಮೆಂಬರ್ (ಫ್ರೇಮಿನ ಅಡ್ಡ ಪಟ್ಟಿ) ಅಡ್ಡ ಬರತ್ತೆ. ಹಿಂದಿನ ಆಕ್ಸಲ್ ಆಚೆ ಮಾತ್ರ ಪೂರ್ತಿ ಖಾಲಿ ಇದೆ, ಎರಡೂ ಎಕ್ಸಾಸ್ಟ್ ಹಿಂದಿನ ಚಕ್ರಕ್ಕಿಂತ ಮುಂದೇನೇ ಸೈಡಿಗೆ ಆಚೆ ಬರತ್ತೆ, ಸ್ಟೆಪ್ನಿ ತೂಗುಹಾಕೋ ಜಾಗದಲ್ಲಿ ಈಗ ಏನೂ ಇಲ್ಲ. ಹಗ್ಗ ಹಿಡಿದು ಅಳೆದೆ, ಫ್ರೇಮ್ ಗುಂಟ ಬಂದ್ರೆ ಸ್ಟಾರ್ಟರ್‌ವರೆಗೂ 16 ಅಡಿ.

ವೈರಿಂಗ್_ಮಾವ

ಹಾಗಾದ್ರೆ ಸ್ಟಾಕ್_ಪಕ್ಷ ಹೇಳಿದ್ದು ನಿಮ್ಮ ಗಾಡಿಗೆ ಆಗಲ್ಲ, ಸ್ಟ್ರೈಟ್ ಸಿಕ್ಸ್ ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ.

ಕೇಬಲ್ ಲೆಕ್ಕ ನೋಡಿ. ಗೇಜ್ ಅಂದ್ರೆ ದಪ್ಪದ ನಂಬರು, 4ಕ್ಕಿಂತ 1/0 ದಪ್ಪ, ಅದಕ್ಕಿಂತ 2/0 ದಪ್ಪ. ಸ್ಮಾಲ್ ಬ್ಲಾಕ್ ಸ್ಟಾರ್ಟರ್ ತಿರುಗ್ವಾಗ 200 ಆಂಪ್ ಎಳೆಯತ್ತೆ ಅಂತ ಇಟ್ಕೊಳ್ಳಿ. ಅಂಗಡೀಲಿ ಸಿಗೋ ರೆಡಿಮೇಡ್ 4 ಗೇಜ್ ಕೇಬಲ್ 16 ಅಡಿ ಎಳೆದ್ರೆ ಪ್ಲಸ್ ಕಡೇಲೇ ಹತ್ರಹತ್ರ 0.8 ವೋಲ್ಟ್ ದಾರೀಲೇ ಹೋಯ್ತು. 1/0 ಹಾಕಿದ್ರೆ 0.3, 2/0 ಹಾಕಿದ್ರೆ 0.25. ಇದು ತಾಮ್ರದ ಲೆಕ್ಕ ಮತ್ತೆ, ಆನ್‌ಲೈನಲ್ಲಿ ಅರ್ಧ ರೇಟಿಗೆ ಬರೋದು ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು, ಅದನ್ನ ಮುಟ್ಬೇಡಿ. ವೆಲ್ಡಿಂಗ್ ಕೇಬಲ್ ತಗೊಳ್ಳಿ, ಸಣ್ಣ ಎಳೆಗಳು, ಚೆನ್ನಾಗಿ ಬಗ್ಗತ್ತೆ, ಆದ್ರೆ ಅದರ ರಬ್ಬರ್ ಪೆಟ್ರೋಲು ಆಯಿಲ್ಲಿಗೆ ಅಷ್ಟು ತಡೆಯಲ್ಲ, ಮೇಲೊಂದು ಲೂಮ್ (ರಕ್ಷಣೆಗೆ ಹಾಕೋ ಕೊಳವೆ) ತೊಡಿಸಿ. ನಿಮ್ಮ ಮಾಸ್ಟರ್ ಸಿಲಿಂಡರ್ ಇನ್ನೂ ಎಡಗಡೆ ಫ್ಲೋರ್ ಕೆಳಗೇ ಇದ್ರೆ ಬ್ರೇಕ್ ಲೈನ್ ಫ್ರೇಮಿನ ಎಡ ರೈಲ್ (ಉದ್ದ ಪಟ್ಟಿ) ಹಿಡ್ಕೊಂಡೇ ಹಿಂದಕ್ಕೆ ಹೋಗಿರತ್ತೆ, ಅದಕ್ಕೆ ಕೇಬಲ್ ತಾಗಬಾರದು, ಉಜ್ಜಿ ಉಜ್ಜಿ ಶಾರ್ಟ್ ಆದ್ರೆ ಬ್ರೇಕ್ ಪೈಪೇ ತೂತು. ಒಂದೊಂದು ಅಡಿಗೂ ರಬ್ಬರ್ ಇರೋ ಪಿ ಕ್ಲ್ಯಾಂಪ್ ಹಾಕಿ. ಝಿಪ್ ಟೈ ಬಿಸಿಲಿಗೆ ಪುಡಿಯಾಗತ್ತೆ.

ಫ್ಯೂಸ್ ಬಗ್ಗೆ ಜಗಳ ಇದೆ. ಕಂಪನಿ ಗಾಡಿಗಳಲ್ಲಿ ಸ್ಟಾರ್ಟರ್ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರಲ್ಲ, ಕೇಬಲ್ ಗಿಡ್ಡ ಇರತ್ತೆ ನಡೆಯತ್ತೆ. ಗಾಡಿ ಉದ್ದಕ್ಕೂ 16 ಅಡಿ ಸದಾ ಕರೆಂಟ್ ಇರೋ ಕೇಬಲ್ ಬೇರೆ ವಿಷಯ. ನಾನಾದ್ರೆ ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ 300 ಆಂಪ್ ಮೆಗಾ ಫ್ಯೂಸ್ (ಬೋಲ್ಟ್ ಹಾಕಿ ಕೂರಿಸೋ ದೊಡ್ಡ ಫ್ಯೂಸ್) ಹಾಕ್ತೀನಿ. ಕೆಲವರು ಹಿಂದೆ ಬ್ಯಾಟರಿ ಪಕ್ಕ ಫೋರ್ಡ್ ಮಾದರಿ ಸೊಲೆನಾಯ್ಡ್ (ಕರೆಂಟಿಂದ ಆನ್ ಆಗೋ ದೊಡ್ಡ ಸ್ವಿಚ್) ಇಟ್ಟು, ಕೀ ತಿರುಗಿಸಿದಾಗ ಮಾತ್ರ ದಪ್ಪ ಕೇಬಲ್ಲಿಗೆ ಕರೆಂಟ್ ಬರೋ ಹಾಗೆ ಮಾಡ್ತಾರೆ, ಅದೂ ಚೆನ್ನಾಗಿದೆ. ಆದ್ರೆ ನಿಮ್ಮ ಜಿಎಂ (ಶೆವರ್ಲೆಯ ಮೂಲ ಕಂಪನಿ) ಸ್ಟಾರ್ಟರ್ ಮೇಲೂ ಒಂದು ಸೊಲೆನಾಯ್ಡ್ ಇದೆ, ಅದಕ್ಕೆ ದಪ್ಪ ಕೇಬಲ್ಲಿಂದ ಅಲ್ಲೇ ಜಂಪರ್ (ಚಿಕ್ಕ ತುಂಡು ವೈರ್) ಹಾಕಿ ಮುಗಿಸಿದ್ರೆ ಕೀ ಬಿಟ್ಮೇಲೂ ಸ್ಟಾರ್ಟರ್ ಒಂದು ಕ್ಷಣ ಗರ್ ಅಂತ ಹಿಡ್ಕೊಂಡಿರತ್ತೆ, ಯಾಕಂದ್ರೆ ತಿರುಗ್ತಾ ಇರೋ ಮೋಟರ್ ತಾನೇ ಕರೆಂಟ್ ಹುಟ್ಟಿಸಿ ಸೊಲೆನಾಯ್ಡ್ ಬಿಡಲ್ಲ. ಅದರ ಎಸ್ (ಸ್ಟಾರ್ಟ್) ಟರ್ಮಿನಲ್ಲಿಗೆ ಕೀಯಿಂದ ಬೇರೆ ವೈರೇ ತರಬೇಕು. ಹಂಗೇ ಆಲ್ಟರ್ನೇಟರ್ ಚಾರ್ಜಿಂಗ್ ವೈರೂ ಬೇರೆ ಎಳೀಬೇಕು, ಅದಕ್ಕೂ ಫ್ಯೂಸ್. ಇಷ್ಟೆಲ್ಲಾ ಬೇಡ ಅಂದ್ರೆ ಮೆಗಾ ಫ್ಯೂಸೇ ಸಾಕು.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್

ನಮಸ್ಕಾರ್ರಿ. ನಾ ಶೆವರ್ಲೆ ಪಿಕಪ್ ಕೈಲೆ ಮುಟ್ಟಿಲ್ಲ, ಆದ್ರ ಲಾರಿ ವೈರಿಂಗ್ ಮಾಡ್ಕೋತನ ಬಂದೀನಿ. ನಮ್ಮ ಟಾಟಾ, ಲೇಲ್ಯಾಂಡ್ ಗಾಡಿಗೆಲ್ಲ ಚಾಸಿ ಬಾಜೂಕ ಬಾಕ್ಸ್‌ನ್ಯಾಗ ಎರಡ ಬ್ಯಾಟ್ರಿ ಇರ್ತಾವು, 24 ವೋಲ್ಟ್. ಮಳಿ, ಕೆಸರ, ಧೂಳ ಎಲ್ಲಾ ತಿಂದ್ರೂ ಏನ್ ಆಗಂಗಿಲ್ಲ, ಬಾಕ್ಸ್ ತಳಕ್ಕ ನೀರ ಹೋಗಾಕ ತೂತ ಇರಬೇಕು, ಬ್ಯಾಟ್ರಿ ಅಲ್ಲಾಡಬಾರದು, ಅಷ್ಟ. ಅಲ್ಲಾಡಿದ್ರ ಒಳಗಿನ ಪ್ಲೇಟ್ ಉದುರ್ತಾವು.

ನೀವೆಲ್ಲಾ ಪ್ಲಸ್ ಬಗ್ಗೆನ ಮಾತಾಡಾಕತ್ತೀರಿ. ಕಂಪ್ಲೇಂಟ್ ಬರೋದೆಲ್ಲಾ ಅರ್ತ್ ಕಡಿಂದ. ಇಂಜಿನ್ ರಬ್ಬರ್ ಮ್ಯಾಗ ಕುಂತಿರ್ತೈತಿ, ಕ್ಯಾಬಿನ್ನೂ ರಬ್ಬರ್ ಮ್ಯಾಗ. ನೀವು ಹಿಂದ ಚಾಸಿಗೆ ಮೈನಸ್ ಕೊಟ್ಟು ಕೈ ತೊಳಕೊಂಡ್ರ, ಆ ಕರೆಂಟ್ ಇಂಜಿನ್ನಿಂದ ಚಾಸಿಗೆ ಹೆಂಗ ಬರಬೇಕ್ರಿ? ದಾರಿ ಇಲ್ಲಂದ್ರ ಸಿಕ್ಕ ದಾರಿ ಹಿಡೀತೈತಿ. ಒಂದ ಹಳೇ ಜೀಪ್ ಬಂದಿತ್ತು, ಸೆಲ್ಫ್ ಹೊಡದಾಗೊಮ್ಮೆ ಚೋಕ್ ವಾಯರ್‌ನಿಂದ ಹೊಗಿ ಬರ್ತಿತ್ತು, ಮ್ಯಾಗಿನ ಕವರ್ ಕರಗಿ ಡ್ಯಾಶ್‌ಬೋರ್ಡಿಗೆ ಅಂಟಿತ್ತು. ಅವರು ಮೂರ ಕಡೆ ತೋರಿಸಿ ಬಂದಿದ್ರು, ಎಲ್ಲಾರೂ ಸೆಲ್ಫ್ ಮೋಟರ್ ಬಿಚ್ಚಿ ಬಿಚ್ಚಿ ಹಾಕ್ಯಾರ. ಇಂಜಿನ್ನಿನ ಅರ್ತ್ ಪಟ್ಟಿ ಕಡದಿತ್ತು, ಸ್ಟಾರ್ಟರ್ ಕರೆಂಟ್ ಪೂರಾ ಚೋಕ್ ವಾಯರ್ ಹಿಡಕೊಂಡು ಬಾಡಿಗೆ ಹೊಂಟಿತ್ತು. ನಿಮ್ಮ ಗಾಡ್ಯಾಗೂ ಡ್ಯಾಶ್‌ನ್ಯಾಗ ಚೋಕ್ ನಾಬ್ ಐತೇನು ನೋಡ್ರಿ.

ಅದಕ್ಕ ಮೈನಸ್ಸೂ ಅಷ್ಟ ದಪ್ಪ ಕೇಬಲ್‌ಲೆ ಸೀದಾ ಇಂಜಿನ್ ಬ್ಲಾಕಿಗೆ ಒಯ್ರಿ. ರೊಕ್ಕ ಉಳಸೋದಿದ್ರ ಹಿಂದ ಚಾಸಿಗೆ ಒಂದು, ಮುಂದ ಚಾಸಿಯಿಂದ ಇಂಜಿನ್ನಿಗೆ ಅಷ್ಟ ದಪ್ಪಂದ ಇನ್ನೊಂದು. ಎರಡರಾಗ ಯಾವುದ ಮಾಡಿದ್ರೂ ಇಂಜಿನ್ನಿಂದ ಕ್ಯಾಬಿನ್ನಿಗೆ ಒಂದ ಸಣ್ಣ ಪಟ್ಟಿ ಬೇಕ ಬೇಕು. ಬೋಲ್ಟ್ ಕೂಡೂ ಜಾಗಾದಾಗ ಪೇಂಟ್ ಕೆರದು ಕಬ್ಬಣ ಹೊಳಿಯೂ ಹಂಗ ಮಾಡ್ರಿ, ಬಿಗಿ ಮಾಡಿದ ಮ್ಯಾಗ ಗ್ರೀಸ್ ಹಚ್ಚರಿ. ಮತ್ತ ಒಂದ ಕಟ್‌ಆಫ್ ಸ್ವಿಚ್ ಹಾಕ್ರಿ, ಲಾರ್ಯಾಗ ಇರ್ತಾವಲ್ಲ ಹಂಗ, ತಿಂಗಳಗಟ್ಟಲೆ ನಿಲ್ಲೂ ಗಾಡಿಗೆ ಅದು ಭಾಳ ಛಲೋ.

ಸ್ಟಾಕ್_ಪಕ್ಷ

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು. ಕಟ್‌ಆಫ್ ಬಗ್ಗೆ ಒಂದು ಸೇರಿಸ್ತೀನಿ, ನೀವೇನಾದ್ರೂ ಗಾಡಿನ ಡ್ರ್ಯಾಗ್ ಸ್ಟ್ರಿಪ್ಪಿಗೆ (ನೇರ ದಾರಿಯ ರೇಸ್ ಟ್ರ್ಯಾಕ್) ತಗೊಂಡು ಹೋಗೋರಾದ್ರೆ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ರೂಲ್ ಪ್ರಕಾರ ಜಾಗ ಬದಲಾಯಿಸಿದ ಬ್ಯಾಟರಿಗೆ ಗಾಡಿ ಹಿಂಭಾಗದಲ್ಲಿ ಹೊರಗಿಂದ ಕೈಗೆ ಸಿಗೋ ಮಾಸ್ಟರ್ ಸ್ವಿಚ್ ಇರ್ಲೇಬೇಕು, ಅದು ಪ್ಲಸ್ ಕಡೆ ಇರಬೇಕು, ಓಡ್ತಾ ಇರೋ ಇಂಜಿನ್ನೂ ಅದರಿಂದ ಆಫ್ ಆಗ್ಬೇಕು. ಆಲ್ಟರ್ನೇಟರ್ ವೈರ್ ಸ್ವಿಚ್ಚಿನ ತಪ್ಪು ಕಡೆ ಇದ್ರೆ ಬ್ಯಾಟರಿ ಕಟ್ ಆದ್ರೂ ಇಂಜಿನ್ ಆರಾಮಾಗಿ ಓಡ್ತಾನೇ ಇರತ್ತೆ.

ಆರು_ವೋಲ್ಟ್_ಅಭಿಮಾನಿ

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು 1950ರ 3100, 216 ಇಂಜಿನ್, 6 ವೋಲ್ಟು, ಕಾಲಲ್ಲಿ ತುಳಿಯೋ ಸ್ಟಾರ್ಟರ್, ಏನೂ ಬದಲಾಯಿಸಿಲ್ಲ. ನಾನೂ ಹಿಂದಕ್ಕೆ ಹಾಕ್ಬಹುದಾ?

ವೈರಿಂಗ್_ಮಾವ

ದಯವಿಟ್ಟು ಬೇಡ. ಅದೇ ಕೆಲಸಕ್ಕೆ 6 ವೋಲ್ಟಲ್ಲಿ ಕರೆಂಟ್ ಡಬಲ್, ಹಾಗಾಗಿ ಅದೇ ಕೇಬಲ್ಲಲ್ಲಿ ಹೋಗೋ ವೋಲ್ಟೇಜೂ ಡಬಲ್, ಮತ್ತೆ ಇರೋದೇ ಅರ್ಧ ವೋಲ್ಟೇಜು, ಅಂದ್ರೆ ನಷ್ಟ ನಾಲ್ಕು ಪಟ್ಟು ಅನ್ನಿ. ನಿಮ್ಮದು ಇರೋ ಜಾಗದಲ್ಲೇ ಇರ್ಲಿ, ಕೇಬಲ್ ಮಾತ್ರ ನೋಡಿ. 6 ವೋಲ್ಟ್ ಗಾಡಿ ಸೋಮಾರಿ ಥರ ತಿರುಗತ್ತೆ ಅಂತ ಬೈಯೋ ಜನ ಸುಮಾರು ಸಲ 12 ವೋಲ್ಟಿನ ತೆಳ್ಳಗಿನ ಕೇಬಲ್ ಹಾಕಿರ್ತಾರೆ. 1/0 ಹಾಕಿ ನೋಡಿ, ಬೇರೆ ಗಾಡಿನೇ ಆಗತ್ತೆ.

ಹಳೇಗಾಡಿ_ಟೆಕ್ಸಾಸ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಡ್ಯಾಶಲ್ಲಿ ಚೋಕ್ ನಾಬ್ ಇದೆ, ಆದ್ರೆ ಕೇಬಲ್ ಯಾವುದಕ್ಕೂ ಜೋಡಿಸಿಲ್ಲ, ಹೊಸ ಕಾರ್ಬುರೇಟರ್ ಎಲೆಕ್ಟ್ರಿಕ್ ಚೋಕಿಂದು. ಇಂಜಿನ್ನಿಂದ ಫ್ರೇಮಿಗೆ ಇರೋದು ಒಂದು ಬೆರಳಗಲದ ಹೆಣೆದ ಪಟ್ಟಿ, ಅರ್ಧ ಹಸಿರಾಗಿದೆ.

ಪ್ಲಾನ್ ಹೀಗೆ: ಆಕ್ಸಲ್ ಹಿಂದೆ, ಕೊನೇ ಕ್ರಾಸ್‌ಮೆಂಬರಿಗಿಂತ ಒಳಗೆ ಬಾಕ್ಸು, ಹಿಂದಿಂದ ಯಾರಾದ್ರೂ ಗುದ್ದಿದ್ರೆ ಮೊದಲು ಬ್ಯಾಟರಿಗೇ ತಾಗಬಾರದು ಅಂತ. ಪ್ಲಸ್ 2/0, ಮೈನಸ್ಸೂ 2/0 ಸೀದಾ ಬ್ಲಾಕಿಗೆ. ಮೆಗಾ ಫ್ಯೂಸು, ಕಟ್‌ಆಫು. ಬೆಡ್ಡಿನ ಮರದ ಹಲಗೆ ಕೊಯ್ದು ಮುಚ್ಚಳ ಮಾಡೋಕೆ ಮನಸ್ಸಿಲ್ಲ, ಹೊಸದಾಗಿ ಓಕ್ ಹಾಕಿಸಿದೀನಿ, ಅದಕ್ಕೆ ಟ್ರೇ ಕೆಳಗಿಂದ ಬೋಲ್ಟ್ ಬಿಚ್ಚಿ ಇಳಿಸೋ ಥರ ಮಾಡೋಣ ಅಂತ.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್

ಕೆಳಗ ಮಕ್ಕೊಂಡು ಬಿಚ್ಚೂ ಹಂಗಿದ್ರ ನೀವು ವರ್ಷಕ್ಕೊಮ್ಮೆನೂ ನೋಡಂಗಿಲ್ಲ, ಬರದು ಕೊಡ್ತೀನಿ. ಹಲಗಿ ಕೊಯ್ಯಬ್ಯಾಡ್ರಿ, ಸ್ಟೀಲ್ ಪಟ್ಟಿ ಬಿಚ್ಚಿದ್ರ ಒಂದ ಹಲಗಿ ಪೂರಾ ಎದ್ದು ಬರಬೇಕಲ್ಲ, ಅದರ ಕೆಳಗ ಇಡ್ರಿ.

ವೈರಿಂಗ್_ಮಾವ

ಹಲಗೆ ಎದ್ದು ಬರೋ ಐಡಿಯಾ ಚೆನ್ನಾಗಿದೆ. ಇಂಜಿನ್ ಕಡೆ ಫೈರ್‌ವಾಲಿಗೆ ಒಂದು ಜಂಪ್ ಸ್ಟಾರ್ಟ್ ಪೋಸ್ಟೂ ಹಾಕ್ಬಿಡಿ, ರಬ್ಬರ್ ಟೋಪಿ ಸಮೇತ, ಬ್ಯಾಟರಿ ಇಳಿದಾಗ ಹಲಗೆ ಬಿಚ್ಚೋದು ತಪ್ಪತ್ತೆ. ಆಲ್ಟರ್ನೇಟರ್ ಮೂರು ವೈರಿಂದಾದ್ರೆ ಸೆನ್ಸ್ ವೈರ್‌ನ (ವೋಲ್ಟೇಜ್ ಎಷ್ಟಿದೆ ಅಂತ ನೋಡೋ ವೈರು) ಆಲ್ಟರ್ನೇಟರ್ ಬೆನ್ನಿಗೇ ಸುತ್ತಿ ಬಿಡ್ಬೇಡಿ, ದೂರದಿಂದ ತಂದು ಕೊಡಿ, ಇಲ್ಲಾಂದ್ರೆ ಅದಕ್ಕೆ 14.2 ಅಂತ ಕಾಣ್ತಿರತ್ತೆ, ಹಿಂದೆ ಬ್ಯಾಟರಿಗೆ ಅಷ್ಟು ತಲುಪಿರಲ್ಲ.

ಎಲ್ಲಾ ಮುಗಿದ್ಮೇಲೆ ಇಗ್ನಿಷನ್ ಕಾಯಿಲ್ ವೈರ್ ಕಿತ್ತು, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಸ್ಟಾರ್ಟರ್ ಬೋಲ್ಟಿಗೆ ಇಟ್ಟು ಯಾರಿಗಾದ್ರೂ ಕ್ರ್ಯಾಂಕ್ ಮಾಡೋಕೆ ಹೇಳಿ. ಅರ್ಧ ವೋಲ್ಟಿಗಿಂತ ಕಮ್ಮಿ ಬರಬೇಕು. ಆಮೇಲೆ ಬ್ಯಾಟರಿ ಮೈನಸ್ಸಿಂದ ಇಂಜಿನ್ ಬ್ಲಾಕಿಗೆ ಅದೇ ಥರ ನೋಡಿ, ಅಲ್ಲಿ 0.3 ದಾಟಿದ್ರೆ ಯಾವುದೋ ಲಗ್ (ಕೇಬಲ್ ತುದಿಯ ಉಂಗುರ) ಸರಿಯಾಗಿ ಕ್ರಿಂಪ್ ಆಗಿಲ್ಲ ಅಥವಾ ಪೇಂಟ್ ಕೆರೆದಿಲ್ಲ. ಎರಡೂ ರೀಡಿಂಗ್ ಇಲ್ಲಿ ಹಾಕಿ.