ಡಿಸ್ಕ್ ಹಾಕೋ ಪಿಎಸ್5 ತಗೊಳ್ಳಲಾ, ಡಿಸ್ಕ್ ಇಲ್ಲದ್ದಾ? (ಜೊತೆಗೆ ಮಗನ ಕಾಯಿನ್ ಪ್ರಕರಣ)

ಕತ್ರಿಗುಪ್ಪೆ_ಅಪ್ಪ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೋನು, ಮೊದಲ ಸಲ ಬರೀತಿದ್ದೀನಿ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮನೇಲಿ 2016ರಲ್ಲಿ ತಗೊಂಡ ಪಿಎಸ್4 ಇದೆ, ಅಂದ್ರೆ ಟಿವಿಗೆ ಹಾಕಿ ಗೇಮ್ ಆಡೋ ಸೋನಿಯ ಪ್ಲೇಸ್ಟೇಷನ್ ಮಿಷಿನ್ನು. ಅದರ ಫ್ಯಾನು ಈಗ ಮಿಕ್ಸಿ ಥರ ಸದ್ದು ಮಾಡುತ್ತೆ. ಹೆಂಡತಿ ರೂಮಿಂದ "ಯಾರದು ಇಷ್ಟೊತ್ತಲ್ಲಿ ಚಟ್ನಿ ರುಬ್ತಿರೋದು" ಅಂತ ಕೂಗ್ತಾಳೆ. ಸರಿ, ಪಿಎಸ್5 ತಗೊಂಡೇ ಬಿಡೋಣ ಅಂತ ಜಯನಗರ 4ನೇ ಬ್ಲಾಕಿನ ಒಂದು ಅಂಗಡಿಗೆ ಹೋದೆ. ಕೌಂಟರಲ್ಲಿದ್ದ ಹುಡುಗ "ಸಾರ್, ಡಿಸ್ಕ್ ಎಲ್ಲ ಈಗ ಯಾರ್ ಸಾರ್ ತಗೋತಾರೆ, ಡಿಜಿಟಲ್ ತಗೊಳ್ಳಿ, ಕಾಸೂ ಉಳಿಯುತ್ತೆ" ಅಂದ. ಡಿಜಿಟಲ್ ಅಂದ್ರೆ ಡಿಸ್ಕ್ ಹಾಕೋ ಜಾಗ ಇಲ್ಲದ್ದು, ಗೇಮ್ ಇಂಟರ್ನೆಟ್ಟಿಂದಲೇ ಇಳಿಸ್ಕೋಬೇಕು. ಉಳಿಯುತ್ತೆ, ಸುಳ್ಳಲ್ಲ. 2021ರಲ್ಲಿ ಇಲ್ಲಿಗೆ ಬಂದಾಗ ಡಿಜಿಟಲ್ 39,990, ಡಿಸ್ಕ್ ಇರೋದು 49,990. ಆಮೇಲೆ ಪಿಎಸ್5ರದೇ ತೆಳು ಮಾಡೆಲ್ ಸ್ಲಿಮ್ ಬಂದಾಗಲೂ ಅದೇ ಹತ್ತು ಸಾವಿರದ ಅಂತರ.

ಆದ್ರೆ ನನ್ನ ಲೆಕ್ಕವೇ ಬೇರೆ. ನಾನು ಡಿಸ್ಕ್ ಕೂಡಿಡೋ ಪೈಕಿ ಅಲ್ಲ. 3,999 ಕೊಟ್ಟು ಹೊಸದು ತರ್ತೀನಿ, ಒಂದೂವರೆ ತಿಂಗಳಲ್ಲಿ ಮುಗಿಸ್ತೀನಿ, ಮೆಟ್ರೋ ಸ್ಟೇಷನ್ ಗೇಟಿನ ಹತ್ರ ಯಾರಿಗೋ 2,500ಕ್ಕೆ ಕೊಡ್ತೀನಿ, ಅದೇ ದುಡ್ಡಲ್ಲಿ ಇನ್ಯಾರದೋ ಹಳೇದು ತಗೋತೀನಿ. ಮಾರೋಕೆ ಮನಸ್ಸು ಬರದೇ ಇರೋದು ಮೈಸೂರಲ್ಲಿರೋ ಭಾವಮೈದನ ಮಗನಿಗೆ ಹೋಗುತ್ತೆ. ನನ್ನ ಹತ್ರ ಈಗಿರೋ ಒಂದು ಡಬ್ಬಿ ಮೇಲೆ ಮೂರು ಅಂಗಡಿಯ ಬೆಲೆ ಚೀಟಿ ಒಂದರ ಮೇಲೊಂದು ಅಂಟಿವೆ. ಒಳಗೆ, ಡಿಸ್ಕಿನ ಹಿಂದೆ, ಯಾರದೋ ಬಿಎಂಟಿಸಿ ಟಿಕೆಟ್. ಇಂಕು ಅಳಿಸಿಹೋಗಿ "ಬನಶಂಕರಿ" ಅಂತ ಮಾತ್ರ ಕಾಣುತ್ತೆ. ಡಿಜಿಟಲ್ ತಗೊಂಡ್ರೆ ಈ ವ್ಯವಹಾರ ಪೂರ್ತಿ ಬಂದ್ ಅಲ್ವಾ?

ಇನ್ನೊಂದು ವಿಷಯ. ಮಗ ಏಳನೇ ಕ್ಲಾಸು. ದಸರಾ ರಜದಲ್ಲಿ ಅವರಮ್ಮನ ಫೋನಲ್ಲಿ ಒಂದು ಶೂಟಿಂಗ್ ಗೇಮ್ ಆಡ್ತಿದ್ದ. ಗೇಮು ಫ್ರೀ. ರಜ ಮುಗಿದ ಮೇಲೆ ಪಾಸ್‌ಬುಕ್ ನೋಡಿದ್ರೆ 89 ರೂಪಾಯಿ ಆರು ಸಲ, 449 ಮೂರು ಸಲ, 899 ಒಂದು ಸಲ. ಒಟ್ಟು 2,780. ಬ್ಯಾಂಕಿನ ಮೆಸೇಜ್ ಬಂದಾಗೆಲ್ಲ ಸಾಲ ಕೊಡ್ತೀವಿ ಅನ್ನೋರು ಅಂದ್ಕೊಂಡು ಅವಳು ತೆರೆದೇ ನೋಡಿಲ್ಲ. ಯುಪಿಐ ಪಿನ್ ಇವನ ಹುಟ್ಟಿದ ದಿನ, ಇನ್ನೇನು ಹೇಳೋದು. "ಏನೋ ತಗೊಂಡೆ?" ಅಂದ್ರೆ ಗೇಮೊಳಗಿನ ಆಳಿಗೆ ಒಂದು ಬ್ಯಾಗು, ಒಂದು ಜಾಕೆಟ್ಟು, ಬಂದೂಕಿಗೆ ನೀಲಿ ಬಣ್ಣ. ಬಂದೂಕಿಗೆ ಬಣ್ಣ! ಬೈಯೋಕೆ ಹೋದ್ರೆ "ಅಪ್ಪಾ, ಅದು ದುಡ್ಡಲ್ಲ, ಕಾಯಿನ್" ಅಂದ. ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ, "ಮಾಮೂಲಿ ಬಟ್ಟೇಲಿ ಆಡಿದ್ರೆ ಎಲ್ಲಾರೂ ಬಾಟ್ ಅಂತಾರೆ" ಅಂದ. ಬಾಟ್ ಅಂದ್ರೆ ಕಂಪ್ಯೂಟರೇ ಆಡಿಸೋ ಡಮ್ಮಿ ಆಟಗಾರ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯ್ತು.

ಯಾವ ಪಿಎಸ್5 ತಗೊಳ್ಳಲಿ? ಈ ಕಂಪನಿಗಳಿಗೆ ಡಬ್ಬಿಯಲ್ಲಿ ಗೇಮ್ ಮಾರೋದು ಯಾಕೆ ಬೇಡವಾಯ್ತು? ಅಥವಾ ನನಗೇ ವಯಸ್ಸಾಯ್ತಾ?

ಮೆಜೆಸ್ಟಿಕ್_ಮಾಮ

ವಯಸ್ಸಾಗಿದೆ, ಅದು ಬೇರೆ ಮಾತು. ಡಿಸ್ಕ್ ಇರೋದೇ ತಗೊಳ್ಳಿ ಸ್ವಾಮಿ.

2003ರಿಂದ 2014ರವರೆಗೆ ನ್ಯಾಷನಲ್ ಮಾರ್ಕೆಟ್ ಹತ್ರದ ಒಂದು ಗೇಮ್ ಅಂಗಡೀಲಿ ಕೆಲಸ ಮಾಡಿದೋನು ನಾನು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದ್ದೀನಿ. ಮೊದಲೇ ಒಪ್ಕೊಂಡ್ಬಿಡ್ತೀನಿ, ನಾವೇನೂ ಸಾಚಾಗಳಲ್ಲ. ಪಿಎಸ್2 ಕಾಲದಲ್ಲಿ ಮಾರಿದ್ದೆಲ್ಲ ಕಾಪಿ. ಕಾಪಿ ಸೀಡಿ ಓಡೋ ಹಾಗೆ ಚಿಪ್ ಹಾಕಿದ ಮಿಷಿನ್ನು, ಒಂದು ಸೀಡಿಗೆ ನೂರು, ಮೂರು ತಗೊಂಡ್ರೆ ಇನ್ನೂರೈವತ್ತು. 2004ರ ಕೊನೇಲಿ ಸ್ಯಾನ್ ಆಂಡ್ರಿಯಾಸ್ ಅನ್ನೋ ಗೇಮ್ ಬಂದಾಗ ಕಾಪಿ ಮಾಡೋ ಎರಡು ರೈಟರ್ ಹಗಲೂ ರಾತ್ರಿ ಓಡ್ತಿದ್ವು. ಮಾರ್ಕರ್ ಪೆನ್ನಲ್ಲಿ ಹೆಸರು ಬರೆದೂ ಬರೆದೂ ನನ್ನ ಬೆರಳು ಕಪ್ಪಾಗಿರ್ತಿತ್ತು.

ಪಿಎಸ್3 ಬಂದ ಮೇಲೆ ಕಾಪಿ ಮಾಡೋದು ಸುಲಭ ಇರ್ಲಿಲ್ಲ. ಆಗ ಶುರುವಾಗಿದ್ದೇ ಎಕ್ಸ್‌ಚೇಂಜು. ನಿಮ್ಮ ಗೇಮ್ ಕೊಡಿ, ಮೇಲೆ ಐನೂರು ಕೊಡಿ, ಬೇರೇದು ತಗೊಂಡ್ಹೋಗಿ. ಒಂದೇ ಡಿಸ್ಕು ನಮ್ಮ ಅಂಗಡಿಗೆ ಏಳು ಸಲ ವಾಪಸ್ ಬಂದಿದ್ದು ನನಗೆ ನೆನಪಿದೆ. ತವರುಮನೆಗೆ ಮಗಳು ಬಂದ ಹಾಗೆ. ಏಳು ಸಲವೂ ನಮಗೆ ಲಾಭ. ಕಂಪನಿಗೆ ದುಡ್ಡು ಸಿಕ್ಕಿದ್ದು ಮೊದಲ ಸಲ ಮಾತ್ರ. ನಿಮ್ಮ ಡಬ್ಬಿ ಮೇಲಿನ ಮೂರು ಚೀಟೀಲೂ ಅಷ್ಟೇ, ಅಡಿಯಲ್ಲಿರೋ ಚೀಟಿ ಅವರದು, ಮೇಲಿನ ಎರಡು ನಮ್ಮಂಥೋರದು. ಅವರ ಹೊಟ್ಟೆ ಉರಿದಿದ್ದು ಇಲ್ಲಿ.

ಸುಮ್ನೆ ಕೂರ್ಲಿಲ್ಲ. 2010ರಲ್ಲಿ ಇಎ ಅನ್ನೋ ಗೇಮ್ ಕಂಪನಿ ಡಬ್ಬಿಯೊಳಗೆ ಒಂದೇ ಸಲ ನಡೆಯೋ ಕೋಡ್ ಇಡೋಕೆ ಶುರು ಮಾಡ್ತು. ಸೆಕೆಂಡ್ ಹ್ಯಾಂಡ್ ತಗೊಂಡೋನಿಗೆ ಆನ್‌ಲೈನ್ ಆಡಬೇಕಂದ್ರೆ ಮತ್ತೆ ದುಡ್ಡು. ಗಿರಾಕಿಗಳು ಬಂದು ನಮ್ಮ ಕೊರಳಪಟ್ಟಿ ಹಿಡಿಯೋರು, "ಮಾಮ, ಕೋಡ್ ಯಾರೋ ಉಜ್ಜಿಬಿಟ್ಟವ್ರೆ" ಅಂತ. 2013ರಲ್ಲಿ ಅದನ್ನ ಅವರೇ ಕೈಬಿಟ್ರು. ಅದೇ ವರ್ಷ ಮೈಕ್ರೋಸಾಫ್ಟು ತನ್ನ ಗೇಮ್ ಮಿಷಿನ್ನು ಎಕ್ಸ್‌ಬಾಕ್ಸ್ ಒನ್ನಲ್ಲಿ ಹಳೇ ಡಿಸ್ಕ್ ಕೈ ಬದಲಾಯಿಸೋಕೆ ಕಟ್ಟುಪಾಡು ಹಾಕ್ತೀವಿ ಅಂದು, ಜನ ಉಗಿದ ಮೇಲೆ ಜೂನಲ್ಲಿ ವಾಪಸ್ ತಗೊಳ್ತು. ಆಗ ಸೋನಿಯೋರು ಒಂದು ಪುಟಾಣಿ ವಿಡಿಯೋ ಬಿಟ್ಟಿದ್ರು. ಪಿಎಸ್4 ಗೇಮ್ ಸ್ನೇಹಿತನಿಗೆ ಕೊಡೋದು ಹೇಗೆ ಅಂತ. ಒಬ್ಬ ಡಬ್ಬಿ ಚಾಚ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅಂತಾನೆ, ಮುಗೀತು. ಅಂಗಡೀಲಿ ನಾವೆಲ್ಲ ಚಪ್ಪಾಳೆ ಹೊಡೆದಿದ್ವಿ. ಅದೇ ಸೋನಿ 2024ರಲ್ಲಿ ತಂದ ಪಿಎಸ್5 ಪ್ರೋನಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ, ಡ್ರೈವ್ ಬೇಕಿದ್ರೆ ಬೇರೆ ತಗೋಬೇಕು.

ಕೆಲಸದ ಮಾತು: ನಿಮ್ಮ ಪಿಎಸ್4 ಡಿಸ್ಕುಗಳು ಹೆಚ್ಚೂಕಮ್ಮಿ ಎಲ್ಲಾ ಪಿಎಸ್5ನಲ್ಲಿ ಓಡ್ತವೆ, ಆದ್ರೆ ಡ್ರೈವ್ ಇದ್ರೆ ತಾನೆ. ಸ್ಲಿಮ್‌ನ ಡ್ರೈವ್ ಬಿಚ್ಚಿ ಹಾಕೋ ಥರದ್ದು. ಮೊದಲ ಸಲ ಕೂರಿಸೋವಾಗ ಇಂಟರ್ನೆಟ್ ಬೇಕೇ ಬೇಕು.

ಪೀಜಿ_ರೂಮ್_ನಂ_3

ಅಣ್ಣಾರ, ನಾ ಬಾಗಲಕೋಟಿ ಹುಡುಗ, ಈಗ ಬಿಟಿಎಂ ಲೇಔಟಿನ್ಯಾಗ ಪೀಜಿ. ನೀವೆಲ್ಲಾ ಡಿಸ್ಕ್ ಡಿಸ್ಕ್ ಅಂತೀರಿ, ನಮ್ಮೂರಾಗ ಡಿಸ್ಕ್ ಮಾರೋ ಅಂಗಡೀನ ಇದ್ದಿಲ್ರೀ. ನನ್ನ ಲ್ಯಾಪ್‌ಟಾಪಿಗೆ ಡ್ರೈವೂ ಇಲ್ಲ. ನಾ ಜೀವನದಾಗ ರೊಕ್ಕಾ ಕೊಟ್ಟು ತಗೊಂಡ ಮೊದಲನೇ ಗೇಮು ಸ್ಟೀಮ್ ಅನ್ನೂ ಆನ್‌ಲೈನ್ ಗೇಮ್ ಅಂಗಡಿ ಸೇಲಿನ್ಯಾಗ, 119 ರೂಪಾಯಿ. ಅದಕ್ಕೂ ಮೊದಲ ಎಲ್ಲಾ ಕ್ರ್ಯಾಕ್ ಮಾಡಿದ್ದ. ನಾ ಕದಿಯೂದು ಬಿಟ್ಟಿದ್ದು ಡಿಜಿಟಲ್‌ನಿಂದಾನ. ಸೇರಲಿಲ್ಲಂದ್ರ 14 ದಿನದೊಳಗ, ಎರಡು ತಾಸು ಆಡೋದ್ರಾಗ ವಾಪಸ್ ಕೊಡಬಹುದು. ಮಾಮಾ, ನಿಮ್ಮ ಅಂಗಡ್ಯಾಗ ಇದು ಇತ್ತೇನು?

ಹಂಗಂತ ಪೂರಾ ಸಾಫ್ ಐತಿ ಅನ್ನೂದಿಲ್ಲ. 2014ರಾಗ ಯೂಬಿಸಾಫ್ಟ್‌ನವರು ದಿ ಕ್ರೂ ಅಂತ ಕಾರಿನ ಗೇಮ್ ಬಿಟ್ಟಿದ್ರಲ್ಲ, 2024ರ ಮಾರ್ಚ್ 31ಕ್ಕ ಸರ್ವರ್ ಬಂದ್ ಮಾಡಿದ್ರು. ಒಬ್ಬನ ಆಡೂದಕ್ಕೂ ಸರ್ವರ್ ಬೇಕಿತ್ತು, ಹಿಂಗಾಗಿ ರೊಕ್ಕಾ ಕೊಟ್ಟವರ ಕಡೆ ಏನೂ ಉಳೀಲಿಲ್ಲ. ಡಿಸ್ಕ್ ಇದ್ದವರದೂ ಅದ ಹಣೇಬರ, ಡಿಸ್ಕು ಚಾದ ಕಪ್ ಇಡೂದಕ್ಕ ಬರ್ತದ ಅಷ್ಟ. ಅದರ ಮ್ಯಾಲಿಂದ ರಾಸ್ ಸ್ಕಾಟ್ ಅನ್ನಾವ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಮಾಡಿದ, ಯುರೋಪಿನ್ಯಾಗ 2025ರ ಜುಲೈದಾಗ ಹತ್ತು ಲಕ್ಷ ಸಹಿ ದಾಟಿದ್ವು. ಕ್ಯಾಲಿಫೋರ್ನಿಯಾದಾಗ 2025ರ ಜನವರಿಯಿಂದ ಕಾಯ್ದೆ ಬಂದೈತಿ, ಮಾರೂದು ಗೇಮ್ ಅಲ್ಲ, ಬರೇ ಆಡೂ ಲೈಸೆನ್ಸ್ ಅನ್ನೂದನ್ನ ಮೊದಲ ಹೇಳಬೇಕಂತ. ಈಗ ಸ್ಟೀಮ್ ರೊಕ್ಕಾ ಕಟ್ಟೂ ಹೊತ್ತಿನ್ಯಾಗ ಅದನ್ನ ಬರದು ತೋರಸ್ತದ. ಓದ್ತೀನಿ, ಓದಿ ಕಟ್ಟತೀನಿ. 119ಕ್ಕ ಏನ್ ಬರಬೇಕ್ರೀ ಇನ್ನ.

ಮೆಜೆಸ್ಟಿಕ್_ಮಾಮ

@ಪೀಜಿ_ರೂಮ್ ವಾಪಸ್ ತಗೊಳ್ತಿದ್ವಪ್ಪ, ಅರ್ಧ ರೇಟಿಗೆ 😄 ಆದ್ರೆ ನಿನ್ನ ಮಾತು ಸರಿ. ಈಗ ಡಬ್ಬಿ ಇದ್ರೂ ಒಳಗೆ ಗೇಮ್ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಿಂಟೆಂಡೋ ಸ್ವಿಚ್ 2 ಅನ್ನೋ ಗೇಮ್ ಮಿಷಿನ್ನಿಗೆ ಹಾಕೋ ಕೆಲವು ಕಾರ್ಡುಗಳಲ್ಲಿ ಬರೀ ಕೀಲಿ, ಗೇಮ್ ಡೌನ್‌ಲೋಡೇ ಮಾಡ್ಕೋಬೇಕು. ಆದ್ರೂ ಆ ಕಾರ್ಡನ್ನ ಮಾರಬಹುದು, ಅಷ್ಟರ ಮಟ್ಟಿಗೆ ವಾಸಿ.

ಪಾಲಿಗಾನ್_ಪುಟ್ಟ

ಕತ್ರಿಗುಪ್ಪೆ ಸಾರ್, ಸ್ವಲ್ಪ ಮುಜುಗರದಿಂದಲೇ ಬರೀತಿದ್ದೀನಿ. ಬಂದೂಕಿಗೆ ಬಣ್ಣ ಹಚ್ಚೋ ಜನರಲ್ಲಿ ನಾನೂ ಒಬ್ಬ. ನಿಮ್ಮ ಮಗನ ಬಂದೂಕಲ್ಲ, ಬೇರೆ ಗೇಮಿನದು. ಹೊರದೇಶದ ಗೇಮುಗಳಿಗೆ ಆರ್ಟ್ ಮಾಡಿಕೊಡೋ ಕೆಲಸ ಈ ಊರಲ್ಲಿ ಹೊಸದೇನಲ್ಲ. ಧ್ರುವ ಇಂಟರ್ಯಾಕ್ಟಿವ್ ಇಲ್ಲಿ ಶುರುವಾಗಿದ್ದು 1997ರಲ್ಲಿ. 2019ರಲ್ಲಿ ಅದನ್ನ ತಗೊಂಡಿದ್ದು, ಮಾಮನ ಬೆರಳು ಕಪ್ಪು ಮಾಡಿದ ಆ ಸ್ಯಾನ್ ಆಂಡ್ರಿಯಾಸ್‌ನ ರಾಕ್‌ಸ್ಟಾರ್. ಫಾರ್ಮ್‌ವಿಲ್ ಗೇಮ್ ಮಾಡಿದ ಜಿಂಗಾ ಕಂಪನಿ 2010ರಲ್ಲೇ ಇಲ್ಲಿ ಆಫೀಸ್ ತೆರೆದಿತ್ತು.

ಒಂದು ಜಾಕೆಟ್ಟಿಗೆ ನಾನು ಎರಡು ವಾರ ಕೂತಿದ್ದೆ. ಭುಜದ ಹೊಲಿಗೆ ದಾರ ಸವೆದಂತೆ ಕಾಣಬೇಕು, ಆದ್ರೆ ಬಡವನ ಬಟ್ಟೆ ಥರ ಕಾಣಬಾರದು ಅಂತ ಆರು ಸಲ ತಿದ್ದಿಸಿದ್ರು. ದೊಡ್ಡ ಗೇಮಿಗೆ ಐದಾರು ವರ್ಷ, ನೂರಾರು ಜನ. ಅದನ್ನ ಒಂದು ಸಲ ಡಬ್ಬಿಯಲ್ಲಿ ಮಾರಿದ್ರೆ ದುಡ್ಡೂ ಒಂದೇ ಸಲ. ಬಟ್ಟೆ ಮಾರೋದಾದ್ರೆ ಪ್ರತಿ ತಿಂಗಳೂ. 2006ರಲ್ಲಿ ಆಬ್ಲಿವಿಯನ್ ಅನ್ನೋ ಗೇಮಲ್ಲಿ ಕುದುರೆಗೆ ಕವಚ ಅಂತ ಎರಡೂವರೆ ಡಾಲರಿಗೆ ಮಾರಿದಾಗ ಲೋಕವೆಲ್ಲ ನಗ್ತು. ನಕ್ಕೋರೂ ತಗೊಂಡ್ರು.

ನಿಮ್ಮ ಮಗ "ದುಡ್ಡಲ್ಲ, ಕಾಯಿನ್" ಅಂದನಲ್ಲ, ಕಾಯಿನ್ ಇರೋದೇ ಹಾಗೆ ಅನ್ನಿಸೋಕೆ. ಜಾಕೆಟ್ಟಿಗೆ 60 ಕಾಯಿನ್ ಅಂತ ಇಟ್ಕೊಳ್ಳಿ. ಮಾರೋದು 50ರ ಪೊಟ್ಟಣ, 100ರ ಪೊಟ್ಟಣ. 100 ತಗೊಂಡ್ರೆ 40 ಉಳೀತು. ಆ ನಲವತ್ತು ಕೈ ಕಡೀತಾ ಇರುತ್ತೆ, ಇನ್ನು ಇಪ್ಪತ್ತಿದ್ರೆ ಇನ್ನೊಂದು ಬರ್ತಿತ್ತಲ್ಲ ಅಂತ. ಪಕ್ಕದಲ್ಲಿ ಗಡಿಯಾರ ಬೇರೆ, ಇನ್ನು ಎರಡೇ ದಿನ ಅಂತ. ಬಹುಪಾಲು ಜನ ಒಂದು ಪೈಸೆ ಕೊಡಲ್ಲ. ಕೊಡೋ ಕೆಲವರೇ ಎಲ್ಲರ ಪರವಾಗಿ ಕೊಡೋದು. ಅವರಲ್ಲಿ ಭಾರಿ ಕುಳಗಳಿಗೆ ನಮ್ಮ ಕಡೆ ತಿಮಿಂಗಿಲ ಅಂತಾರೆ. ಆ ಮಾತು ಮೀಟಿಂಗಲ್ಲಿ ಮೊದಲ ಸಲ ಕೇಳಿದಾಗ ನಕ್ಕಿದ್ದೆ, ಈಗ ನಗು ಬರಲ್ಲ.

ಏನು ಸಿಗುತ್ತೋ ಗೊತ್ತಿಲ್ಲದೆ ದುಡ್ಡು ಕೊಟ್ಟು ಗೇಮೊಳಗಿನ ಡಬ್ಬ ಒಡೆಯೋದು ಇದಕ್ಕಿಂತ ಕೆಟ್ಟದ್ದು. ಪೆಟ್ಟಿಗೆ ಅಂಗಡೀಲಿ ನಾಲ್ಕಾಣೆ ಕೊಟ್ಟು ಚೀಟಿ ಹರೀತಿದ್ವಲ್ಲ, ಅದೇ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಅನ್ನೋ ಗೇಮಲ್ಲಿ ಇದು ವಿಪರೀತಕ್ಕೆ ಹೋಗಿ ಗಲಾಟೆ ಆಯ್ತು. ಮಾರನೇ ವರ್ಷ ಬೆಲ್ಜಿಯಂನವರು ಇದು ಜೂಜು ಅಂದ್ರು, ಅಲ್ಲಿ ಫಿಫಾ ಫುಟ್‌ಬಾಲ್ ಗೇಮಿನ ಕಾಯಿನ್ ಥರದ ಫಿಫಾ ಪಾಯಿಂಟ್ಸ್ ಮಾರಾಟವೇ ನಿಂತುಹೋಯ್ತು. ನಮ್ಮಲ್ಲಿ 2025ರ ಆಗಸ್ಟಲ್ಲಿ ಬಂದ ಕಾನೂನು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳ ಮೇಲೆ. ನಿಮ್ಮ ಮಗ ಜಾಕೆಟ್ ತಗೊಂಡಿದ್ದು ಆ ಲೆಕ್ಕಕ್ಕೆ ಬರಲ್ಲ.

ಇಬ್ಬರ_ಅಮ್ಮ

ಎಲ್ಲಾ ಇತಿಹಾಸ ಹೇಳ್ತಿದ್ದೀರಿ, ಪಿನ್ ಬದಲಾಯಿಸಿ ಅಂತ ಒಬ್ಬರೂ ಹೇಳ್ಲಿಲ್ಲ. ಇವತ್ತೇ ಬದಲಾಯಿಸಿ. ಪ್ಲೇ ಸ್ಟೋರ್ ಸೆಟ್ಟಿಂಗಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ. 48 ಗಂಟೆಯೊಳಗಾದ್ರೆ ಗೂಗಲ್‌ಗೇ ವಾಪಸ್ ಕೇಳಬಹುದಿತ್ತು, ಈಗ ಗೇಮಿನವರಿಗೇ ಬರೆದು ನೋಡಿ.

ನಾನು ಇಬ್ಬರಿಗೂ ತಿಂಗಳಿಗೆ ಇನ್ನೂರರ ಗಿಫ್ಟ್ ಕೋಡ್ ಕೊಡ್ತೀನಿ, ಮುಗಿದ್ರೆ ಮುಗೀತು. ದೊಡ್ಡವನು ಒಂದನೇ ತಾರೀಕು ಸಂಜೆಯೊಳಗೆ ಉಡಾಯಿಸ್ತಾನೆ. ಚಿಕ್ಕವನು ಮೂರು ತಿಂಗಳಿಂದ ಕೂಡಿಟ್ಟು ಅಣ್ಣನಿಗೆ ಸಾಲ ಕೊಡ್ತಿದ್ದಾನೆ, ಬಡ್ಡಿ ಸಮೇತ. ಅದಕ್ಕೇನು ಮಾಡೋದೋ ಗೊತ್ತಾಗ್ತಿಲ್ಲ. ಹುಡುಗನಿಗೆ ಜಾಸ್ತಿ ಬೈಬೇಡಿ. ನಾವೂ ಶಾಲೇಲಿ ಬಾಟಾ ಶೂ ಇಲ್ಲ ಅಂತ ಅತ್ತಿದ್ದೋರೇ.

ಕತ್ರಿಗುಪ್ಪೆ_ಅಪ್ಪ

ಎಲ್ಲರಿಗೂ ಧನ್ಯವಾದ. ಭಾನುವಾರ ಡಿಸ್ಕ್ ಇರೋದೇ ತಂದೆ. ಪಿನ್ ಬದಲಾಯ್ತು. ಗೇಮಿನವರಿಗೆ ಬರೆದಿದ್ದಕ್ಕೆ "ನಿಮ್ಮ ಕೋರಿಕೆ ನಮಗೆ ಮುಖ್ಯ" ಅಂತ ಉತ್ತರ ಬಂದಿದೆ, ದುಡ್ಡು ಬಂದಿಲ್ಲ.

ಪುಟ್ಟ ಅವರೇ, ಹೊಲಿಗೆ ದಾರದ ವಿಷಯ ಮಗನಿಗೆ ಓದಿ ಹೇಳಿದೆ. ತಕ್ಷಣ ಫೋನ್ ತಂದು ತನ್ನ ಜಾಕೆಟ್ಟಿನ ಭುಜ ದೊಡ್ಡದು ಮಾಡಿ ತೋರಿಸ್ದ. ನಿಜ, ದಾರ ಇದೆ. ಇದನ್ನ ಯಾರೋ ನಮ್ಮೂರಲ್ಲೇ ಕೂತು ಮಾಡಿರಬಹುದು ಅಂದಾಗ ಕಣ್ಣು ಇಷ್ಟಗಲ ಆಯ್ತು. ಬೈಯೋಕೆ ಕೂತಿದ್ದ ನಾನು ಅದನ್ನೇ ನೋಡ್ತಾ ಕೂತೆ.

ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ನನ್ನ ಹಳೇ ಡಿಸ್ಕುಗಳನ್ನ ಅವನೇ ಮಾರಿ 2,780 ತುಂಬಿಸಬೇಕು. ನಿನ್ನೆ ಮೊದಲನೇದಕ್ಕೆ ಫೋಟೋ ತೆಗೆಯೋವಾಗ ಕೇಳ್ದ, "ಅಪ್ಪಾ, ಇದರ ಜೊತೆ ನನ್ನ ಜಾಕೆಟ್ಟೂ ಮಾರೋಕಾಗುತ್ತಾ?" ಆಗಲ್ಲ ಅಂದೆ. "ಮತ್ತೆ ಅದು ನಂದು ಹೆಂಗೆ?" ಅಂದ. ಒಳಗಿದ್ದ ಬಸ್ ಟಿಕೆಟ್ ತೆಗೀಲಾ ಅಂತಲೂ ಕೇಳ್ದ. ಇರಲಿ ಬಿಡು ಅಂದೆ.

ಮೆಜೆಸ್ಟಿಕ್_ಮಾಮ

ಯಾವ ಗೇಮು? ಎಷ್ಟಕ್ಕೆ ಹಾಕಿದ್ದೀರಿ? ಇನ್ನೂ ಇದೆಯಾ?